ನೋಡೋಣ ಅಂದರೆ ಏನರ್ಥ

ಗಂಡ ಅವಳನ್ನು ತಮಾಷೆಗೆ ‘ಎರಡು ನಾಲಿಗೆಯವಳು’ ಎನ್ನುತ್ತಿದ್ದ. ದುಭಾಷಿಗೆ ಅದಕ್ಕಿಂತ ಒಪ್ಪುವ ಹೆಸರಿಲ್ಲ ಬಿಡಿ. ಆಡುವ ಮಾತೆಲ್ಲ ಬೇರೆಯವರದು. ಹೆಚ್ಚುಕಡಿಮೆಯಾದರೆ ತಿನ್ನುವ ಬೈಗುಳ ಮಾತ್ರ ಅವಳ ಸ್ವಂತದ್ದು.

ಆದರೆ ಇವತ್ತಿನ ಮಾತುಕತೆ ಅವಳ ಗಂಡ ಪ್ಯಾಕಿಂಗ್ ವಿಭಾಗದಲ್ಲಿ ದುಡಿಯುವ ಕೈಗವಸಿನ ಕಾರ್ಖಾನೆಯದು. ಹೊರದೇಶದ ಕಂಪನಿ ಬಂಡವಾಳ ಹಾಕಿದರೆ ಕಾರ್ಖಾನೆ ಉಳಿಯುತ್ತದೆ, ಇಲ್ಲವಾದರೆ ಬಾಗಿಲು ಹಾಕುತ್ತದೆ.

ಕಂಪನಿಯಿಂದ ಬಂದಿದ್ದ ಹೆಂಗಸು ಸುತ್ತಿ ಬಳಸಿ ಮಾತಾಡುವವಳಲ್ಲ. ಖರೀದಿಯನ್ನೆಲ್ಲ ಮಾಲೀಕರ ಭಾವಮೈದುನನೇ ನೋಡಿಕೊಳ್ಳುತ್ತಾನಲ್ಲ, ಆ ಜಾಗಕ್ಕೆ ಹೊರಗಿನವರನ್ನು ತರುತ್ತೀರಾ ಎಂದು ನೇರವಾಗಿ ಕೇಳಿದಳು. ಭಾವಮೈದುನ ಅಲ್ಲೇ, ಮಾಲೀಕರ ಪಕ್ಕದಲ್ಲೇ ಕೂತಿದ್ದ! ಇಂಥದ್ದನ್ನೆಲ್ಲ ಎದುರಿಗೇ ಕೇಳುವುದುಂಟೇ? ತರ್ಜುಮೆ ಮಾಡುವಷ್ಟರಲ್ಲಿ ದುಭಾಷಿ ಬೆವತುಹೋದಳು.

ಮಾಲೀಕರು ನಕ್ಕರು. “ನೋಡೋಣ.”

ಅವರ ‘ನೋಡೋಣ’ ಇಡೀ ಕಾರ್ಖಾನೆಗೆ ಗೊತ್ತು. ರಜೆ ಕೇಳಿದವರಿಗೂ ಅದೇ, ಫ್ಯಾನು ಕೇಳಿದವರಿಗೂ ಅದೇ. ‘ಇಲ್ಲ’ ಎನ್ನಲು ಅವರಿಗೆ ದಾಕ್ಷಿಣ್ಯ, ಅಷ್ಟೇ. ಅವಳು ಅದನ್ನು ‘ಇಲ್ಲ’ ಎಂದು ತಿರುಗಿಸಿದರೆ ಕಥೆ ಅಲ್ಲಿಗೇ ಮುಗಿಯಿತು. ಹೆದರಿ, ಪದಕ್ಕೆ ಪದ ಜೋಡಿಸಿ, ಪರಿಶೀಲಿಸುತ್ತಾರಂತೆ ಎಂದಳು.

ಯಾವಾಗ ಎಂದಳು ಹೆಂಗಸು.

“ನೋಡೋಣ ನೋಡೋಣ, ಅದಕ್ಕೇನಂತೆ!” ಎಂದರು ಮಾಲೀಕರು.

ಹೆಂಗಸು ಪೆನ್ನಿಗೆ ಮುಚ್ಚಳ ಹಾಕಿದಳು. ಎದ್ದು ಅವರ ಕೈಕುಲುಕಿ, ನಗುತ್ತಾ, ಕನ್ನಡದಲ್ಲೇ, ಥೇಟ್ ಅವರದೇ ಧಾಟಿಯಲ್ಲಿ “ನೋಡೋಣ” ಎಂದಳು.

ಮಾಲೀಕರ ನಗು ಇಂಗಿಹೋಯಿತು. ದುಭಾಷಿಯ ಕಡೆ ತಿರುಗಿದರು. “ಏನಮ್ಮಾ, ಏನಂದ್ರು ಅವರು?”

ನಮ್ಮ ಮಾತನ್ನು ನಮಗೇ ತರ್ಜುಮೆ ಮಾಡು ಎಂದು ಈವರೆಗೆ ಯಾರೂ ಅವಳಿಗೆ ಹೇಳಿರಲಿಲ್ಲ. “ನೋಡೋಣ ಅಂದ್ರು, ಸರ್.”

“ಅದು ಕೇಳಿಸ್ತು ಕಣಮ್ಮಾ. ಹಾಗಂದ್ರೆ ಏನರ್ಥ, ಕೇಳು ಅವರನ್ನ!”

ಕೇಳಿದಳು. ಹೆಂಗಸು ಕೋಟು ಹಾಕಿಕೊಳ್ಳುತ್ತಲೇ ಉತ್ತರ ಕೊಟ್ಟಳು.

“ನೀವು ಹಾಗಂದಾಗ ನಿಮ್ಮ ಮನಸ್ಸಲ್ಲಿ ಏನಿತ್ತೋ, ಅದೇ ಅರ್ಥ ಅಂತೆ, ಸರ್.”

ಭಾವಮೈದುನ ಕಿಟಕಿಯಾಚೆ ಏನೋ ಇದೆಯೆಂಬಂತೆ ಅತ್ತ ನೋಡುತ್ತ ಕೂತ. ದುಭಾಷಿ ಚೀಲ ಎತ್ತಿಕೊಂಡು ಹೊರಗೆ ಬಂದಳು. ಗಂಡ ಪೆಟ್ಟಿಗೆಗೆ ಅಂಟಿಸುವ ಟೇಪು ಕೈಯಲ್ಲೇ ಹಿಡಿದುಕೊಂಡು ಬಾಗಿಲ ಬಳಿ ಕಾದಿದ್ದ.

“ಏನಾಯ್ತೇ? ದುಡ್ಡು ಹಾಕ್ತಾರಂತಾ?”

ಅವಳ ಎರಡು ನಾಲಿಗೆಗಳಲ್ಲಿ ಒಂದೂ ಹೊರಳಲಿಲ್ಲ.