ಅಪಾಯದ ಸ್ಥಳ: ನಮ್ಮ ಮನೆ

ನನಗೆ ಈಜು ಬರುವುದಿಲ್ಲ. ಹೊನ್ನಾವರದಲ್ಲಿ ಹುಟ್ಟಿ, ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ ಇಟ್ಟುಕೊಂಡು ಬೆಳೆದವಳಿಗೆ ಈಜು ಬರುವುದಿಲ್ಲ ಎಂದರೆ ಜನ ನಗುತ್ತಾರೆ. ನಗಲಿ. ಬಸ್ ಸ್ಟ್ಯಾಂಡಿನ ಪಕ್ಕ ಮನೆ ಇದ್ದವರಿಗೆಲ್ಲ ಬಸ್ಸು ಓಡಿಸಲು ಬರುತ್ತದೆಯೇ ಎಂದು ನಾನು ಕೇಳುತ್ತೇನೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಎಂದು ನಂಬಿ ಸೇರಿದ ನೌಕರಿ ನನ್ನನ್ನು ಶರಾವತಿಯ ನಡುವಿನ ಮರಳು ದಿಬ್ಬದ ಮೇಲೆ ತಂದು ನಿಲ್ಲಿಸಿತು.

ನಾನು ಕುಮಟೆಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಬಟ್ಟೆ ಅಂಗಡಿಯ ಮಹಡಿಯ ಮೇಲೆ ನಮ್ಮ ಆಫೀಸು. ಬೇರೆಯವರು ಮಾಡಿದ್ದರಲ್ಲಿ ತಪ್ಪು, ನಮ್ಮ ಆಫೀಸಿನ ಭಾಷೆಯಲ್ಲಿ 'ಬಗ್ಗು', ಹುಡುಕುವುದು ನನ್ನ ಕೆಲಸ. ಹುಡುಕಿದ್ದನ್ನು ಬರೆದು ಕಳಿಸಬೇಕು: ನಾನು ಏನು ಮಾಡಿದೆ, ಏನು ಆಗಬೇಕಿತ್ತು, ಏನು ಆಯಿತು. ಡೆವಲಪರ್ ಅದನ್ನು ಸರಿಮಾಡಿ ಕಳಿಸಿದ ಮೇಲೆ ನಾನು ಮತ್ತೆ ಅದನ್ನೇ ಮಾಡಿ ನೋಡಬೇಕು. ಸರಿಯಾಗಿದ್ದರೆ ಮುಚ್ಚಬೇಕು, ಇಲ್ಲದಿದ್ದರೆ ಮತ್ತೆ ಅವನ ತಲೆಗೇ ಕಟ್ಟಬೇಕು. ಕೆಲಸ ಸಿಕ್ಕಿದ ದಿನ ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. "ಮನೇಲಿ ಬಿಟ್ಟಿ ಮಾಡ್ತಿದ್ದಿದ್ದೇ ಅಲ್ದನೇ ಇದು. ಸಂಬಳನೂ ಕೊಡ್ತ್ರಾ?" ಎಂದು ಕೇಳಿದಳು.

ಅಮ್ಮ ಮನೆಯ ಹೊರಕೋಣೆಯಲ್ಲಿ ಬ್ಲೌಸು ಹೊಲಿಯುತ್ತಾಳೆ. ಮನೆಯಲ್ಲಿ ನಾವಿಬ್ಬರೇ. ಅವಳ ಫೋನು ಯಾವಾಗಲೂ ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ, ಬಣ್ಣದ ದಾರದ ಡಬ್ಬಿಯೊಳಗೆ ಇರುತ್ತದೆ.

ಆ ವರ್ಷ ನಮಗೆ ಬಂದ ಕೆಲಸ ಸಣ್ಣ ದೋಣಿಯವರಿಗಾಗಿ ಒಂದು ಆ್ಯಪ್. ಹೊಳೆಗೆ ಇಳಿದವರು ಅಪಾಯಕ್ಕೆ ಸಿಕ್ಕಿದರೆ ಕೆಂಪು ಗುಂಡಿ ಒತ್ತಬೇಕು. ಒತ್ತಿದೊಡನೆ ಮನೆಯವರ ಫೋನಿಗೆ ಸಂದೇಶ ಹೋಗಬೇಕು, ಅವರು ಎಲ್ಲಿದ್ದಾರೆ ಎಂಬ ಜಾಗದ ಸಮೇತ. ಪರೀಕ್ಷೆಗೆ ಯಾರಾದರೂ ಮನೆಯವರ ಫೋನ್ ನಂಬರ್ ಬೇಕಿತ್ತು. ಆಫೀಸಿನಲ್ಲಿ ಎಲ್ಲರೂ ಒಂದೇ ಸಲಕ್ಕೆ ಬಹಳ ಬ್ಯುಸಿಯಾದರು. ನಾನು ಅಮ್ಮನ ನಂಬರ್ ಹಾಕಿದೆ. ಅಮ್ಮನಿಗೆ ಹೇಳಬೇಕು ಎಂದುಕೊಂಡೆ, ಹೇಳಲು ಮರೆತೆ.

ಮೊದಲ ದಿನ ಮನೆಯಲ್ಲಿ ಚಹಾ ಕುಡಿಯುತ್ತ ಆ್ಯಪ್ ತೆರೆದು ನೋಡಿದೆ. ಆಮೇಲೆ ದೋಣಿ ನಿಲ್ಲುವ ದಕ್ಕೆಗೆ ನಡೆದು ಹೋಗಿ, ಹೊಳೆಯಾಚೆಯ ಕಾಸರಕೋಡಿನ ಒಬ್ಬ ಅಜ್ಜನ ದೋಣಿ ಹತ್ತಿದೆ. ಇಳಿತದ ಹೊತ್ತಿಗೆ ಹೊಳೆಯ ನಡುವೆ ಒಂದು ಮರಳು ದಿಬ್ಬ ಮೇಲೇಳುತ್ತದೆ. ಹೆಂಗಸರು ಬಳಚು ಎಂಬ ಚಿಪ್ಪುಮೀನು ಆರಿಸಲು ಅಲ್ಲಿಗೆ ಬರುತ್ತಾರೆ, ಚಿಪ್ಪನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಹೋಗುತ್ತಾರೆ. ಅವರ ನಡುವೆ ಚೂಡಿದಾರ್ ಮೇಲೆತ್ತಿಕೊಂಡು ನಿಂತು, ಗಂಭೀರವಾಗಿ ಕೆಂಪು ಗುಂಡಿ ಒತ್ತಿದೆ. ಸಂದೇಶ ಹೋಯಿತು. ನನಗೆ ಖುಷಿಯಾಯಿತು. ಬಳಚಿನ ಹೆಂಗಸರ ಜೊತೆ ಸ್ವಲ್ಪ ಹರಟೆ ಹೊಡೆದು ನಿಧಾನಕ್ಕೆ ಮನೆಗೆ ಹೊರಟೆ.

ಮನೆಯ ಹಿಂದೆ ಜನ ಸೇರಿದ್ದರು. ಎಲ್ಲರೂ ಬಾವಿಯೊಳಗೆ ಬಗ್ಗಿ ನೋಡುತ್ತಿದ್ದರು. ಬಿದ್ದ ಕೊಡ ಎತ್ತುವ ಪಾತಾಳಗರಡಿ ನಮ್ಮ ಮನೆಯಲ್ಲಿ ಒಂದಿದೆ, ಸುತ್ತ ಕೊಕ್ಕೆಗಳಿರುವ ಕಬ್ಬಿಣದ ಗೊಂಚಲು. ಅಮ್ಮ ಅದನ್ನು ಹಗ್ಗಕ್ಕೆ ಕಟ್ಟಿ ಬಾವಿಯಲ್ಲಿ ಇಳಿಬಿಟ್ಟು, ಅಳುತ್ತ ಅಳುತ್ತ ಆಡಿಸುತ್ತಿದ್ದಳು. ಪಕ್ಕದ ಮನೆಯ ಅಕ್ಕ ಟಾರ್ಚು ಹಿಡಿದಿದ್ದಳು. ನಾನೂ ಹೋಗಿ ಅವರ ಹಿಂದೆ ನಿಂತು ಇಣುಕಿದೆ.

"ಎಂತ ಬಿತ್ತು?" ಎಂದು ಕೇಳಿದೆ.

"ನೀನು" ಅಂದಳು ಅಕ್ಕ, ತಿರುಗಿ ನೋಡದೆ.

ಆಮೇಲೆ ತಿರುಗಿ ನೋಡಿದರು. ಆ ಹೊತ್ತು ಅಮ್ಮ ನನಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯಲಾಗುವುದಿಲ್ಲ. ಅವಳ ಫೋನಿನಲ್ಲಿ ಸಂದೇಶ ಹಾಗೇ ಇತ್ತು: 'ನಿಮ್ಮ ಮಗಳು ನೀರಿನಲ್ಲಿ ಅಪಾಯಕ್ಕೆ ಸಿಕ್ಕಿದ್ದಾರೆ.' ಅದರ ಕೆಳಗೆ ಸ್ಥಳದ ನಕ್ಷೆ, ನಕ್ಷೆಯ ನಡುವೆ ನಮ್ಮದೇ ಮನೆ. ಮನೆ, ನೀರು ಎರಡನ್ನೂ ಕೂಡಿಸಿದರೆ ಬಾವಿಯಲ್ಲದೆ ಇನ್ನೇನು ಬರುತ್ತದೆ? ಅಮ್ಮನ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ.

"ಅಮ್ಮಾ, ಸ್ವಲ್ಪ ತಾಳು, ಇದರ ಸ್ಕ್ರೀನ್‌ಶಾಟ್ ತೆಗೀತೆ" ಎಂದೆ.

"ನನ್ ಜೀವ ಬಾಯಿಗೆ ಬಂದದೆ, ಇವ್ಳಿಗೆ ಫೋಟೋ ಬೇಕಂತೆ" ಎಂದು ಅಮ್ಮ ಒದ್ದೆ ಹಗ್ಗ ಸುತ್ತುತ್ತ ಊರಿಗೆಲ್ಲ ಕೇಳುವಂತೆ ಹೇಳಿದಳು.

ಆದರೆ ಬಗ್ಗು ಎಂದರೆ ಬಗ್ಗು. ಅಷ್ಟು ಚಂದದ ಬಗ್ಗು ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ರಾತ್ರಿ ಊಟ ಬಡಿಸಿಕೊಳ್ಳುವ ಮೊದಲೇ ಬರೆದು ಕಳಿಸಿದೆ.

ಡೆವಲಪರ್ ಭಟ್ಕಳದವನು, ಮನೆಯಿಂದಲೇ ಕೆಲಸ ಮಾಡುತ್ತಾನೆ. ಕೆಲಸದಲ್ಲಿ ಚುರುಕು. ತನ್ನ ತಪ್ಪು ಒಪ್ಪಿಕೊಳ್ಳುವುದರಲ್ಲಿ ಮಾತ್ರ ಬಹಳ ನಿಧಾನ. ಮರುದಿನ ಫೋನ್ ಮಾಡಿ, "ನಾನು ಈಗ ತಾರಸಿ ಮೇಲೆ ನಿಂತು ಒತ್ತಿ ನೋಡ್ದೆ. ಸರಿಯಾಗೇ ತೋರಿಸ್ತದೆ ಮಾರಾಯ್ತಿ" ಅಂದ.

"ಆ್ಯಪ್ ತೆರೆದದ್ದು ಎಲ್ಲಿ?"

"ತಾರಸಿ ಮೇಲೆ."

"ಒತ್ತಿದ್ದು?"

"ತಾರಸಿ ಮೇಲೇ. ಮತ್ತೆಲ್ಲಿ?"

ನನಗೆ ಮೈಯೆಲ್ಲ ಉರಿಯಿತು. ಆ್ಯಪ್ ತೆರೆದ ಜಾಗವನ್ನೇ ಅದು ಹಿಡಿದುಕೊಂಡು ಕೂರುತ್ತದೆ, ಆಮೇಲೆ ಮನುಷ್ಯ ಎಲ್ಲಿಗೆ ಹೋದರೂ ಬಿಡುವುದಿಲ್ಲ ಎಂದು ಬಿಡಿಸಿ ಹೇಳಿದೆ. ಒಂದು ಕಡೆ ತೆರೆದು, ಇನ್ನೊಂದು ಕಡೆ ಹೋಗಿ ಒತ್ತಿ ನೋಡು, ಬೇಕಾದರೆ ಹೊಳೆಗೇ ಬಾ ಎಂದು ಕರೆದೆ. ಹೊಳೆಯ ಗಾಳಿಗೆ ತನಗೆ ಶೀತವಾಗುತ್ತದೆ ಎಂದ. ಸಮುದ್ರದ ಊರಿನವನು.

ಹೀಗೆ ನನ್ನ ರೀಟೆಸ್ಟುಗಳು ಶುರುವಾದವು. ಅವನು 'ಸರಿಯಾಗಿದೆ' ಎಂದು ಕಳಿಸುವುದು, ನಾನು ಮನೆಯಲ್ಲಿ ಆ್ಯಪ್ ತೆರೆದು ದಕ್ಕೆಗೆ ಹೋಗುವುದು, ಅಜ್ಜ ನನ್ನನ್ನು ದಿಬ್ಬಕ್ಕೆ ಬಿಡುವುದು, ಗುಂಡಿ ಒತ್ತುವುದು, ನಮ್ಮ ಮನೆಯೇ ಬರುವುದು. ಒಂದು ಸಲ ಮಾತ್ರ ಬದಲಾಯಿತು. ಅವನು ಏನೋ ತಿದ್ದುವಾಗ ತನ್ನ ತಾರಸಿಯನ್ನೇ ಒಳಗೆ ಬಿಟ್ಟುಬಿಟ್ಟಿದ್ದ. ನಾನು ಸಂಜೆ ಮನೆಗೆ ಬಂದಾಗ ಅಮ್ಮ ಬ್ಲೌಸಿನ ಕೈ ಹೊಲಿಯುವುದನ್ನು ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡಿದಳು.

"ಭಟ್ಕಳದಾಗೆ ಎಂತದೇ ನಿಂಗೆ ಅಪಾಯ? ಯಾರ ಮನೆ ಅದು?"

ಅದು ಡೆವಲಪರನ ಮನೆ, ಅವನಿಗೆ ಮದುವೆಯಾಗಿ ಎರಡು ಮಕ್ಕಳಿವೆ ಎಂದೆ. ಅಮ್ಮನ ಮುಖ ಇನ್ನೂ ಕೆಟ್ಟಿತು. ಅದು ತಾರಸಿ ಮಾತ್ರ, ನಾನು ಅಲ್ಲಿಗೆ ಹೋಗೇ ಇಲ್ಲ ಎಂದು ನಂಬಿಸುವಷ್ಟರಲ್ಲಿ ಅನ್ನ ಆರಿತ್ತು.

ಆ ಜಗಳದ ಮೇಲೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಸಂದೇಶ ಬಂದರೆ ಹೆದರಬಾರದು, ಅಳಬಾರದು, ಬಾವಿಗೆ ಏನನ್ನೂ ಇಳಿಸಬಾರದು. ಬಂದು ಮುಟ್ಟಿತು ಎಂದು ನನಗೆ ಗೊತ್ತಾಗಲು 'ಆತು' ಎಂದು ಉತ್ತರಿಸಬೇಕು, ಅಷ್ಟೇ. ಅಮ್ಮ ಇದನ್ನು ಬೇಗ ಕಲಿತಳು. ನಾನು ಗುಂಡಿ ಒತ್ತಿ ಫೋನು ನೋಡುತ್ತ ನಿಂತರೆ ಸ್ವಲ್ಪ ಹೊತ್ತಿಗೆ 'ಆತು' ಬರುತ್ತಿತ್ತು. ಮಗಳು ನೀರಿನಲ್ಲಿ ಅಪಾಯಕ್ಕೆ ಸಿಕ್ಕಿದ್ದಾಳೆ. ಆತು. ನನಗೆ ಅವಳ ಮೇಲೆ ಹೆಮ್ಮೆಯೇ ಬಂತು. ನಮ್ಮ ಆಫೀಸಿನವರೂ ಅಷ್ಟು ಶಿಸ್ತಾಗಿ ಉತ್ತರ ಕೊಡುವುದಿಲ್ಲ.

ಇನ್ನೇನು ಮರುದಿನವೇ ದೋಣಿಯವರಿಗೆ ಆ್ಯಪ್ ತೋರಿಸಬೇಕು ಎನ್ನುವ ಹೊತ್ತಿಗೆ ಕೊನೆಯ ರೀಟೆಸ್ಟ್ ಬಂತು. ಅಜ್ಜ ಮಧ್ಯಾಹ್ನ ನನ್ನನ್ನು ದಿಬ್ಬಕ್ಕೆ ಬಿಟ್ಟು, "ನಂಗೆ ಆಚೆ ದಡಕ್ಕೆ ಬಲೆ ಕೊಡೂದದೆ. ಮುಗಿದ ಮೇಲೆ ಫೋನ್ ಮಾಡು ತಂಗಿ, ಬರ್ತೆ" ಎಂದು ಹೋದ. ಬಳಚಿನ ಹೆಂಗಸರು ಆಗಲೇ ಬುಟ್ಟಿ ಹೊತ್ತು ದೋಣಿ ಹತ್ತುತ್ತಿದ್ದರು. ಅವರು ಯಾಕೆ ಹೊರಟರು ಎಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ, ಏಕೆಂದರೆ ಗುಂಡಿ ಒತ್ತಿ, ಹೋದ ಸಂದೇಶ ತೆರೆದು ನೋಡಿದಾಗ ಮತ್ತೆ ನಮ್ಮ ಮನೆಯೇ ಬಂದಿತ್ತು. 'ಆತು' ಎಂದು ಅಮ್ಮನ ಉತ್ತರವೂ ಬಂತು. ನಾನು ಭಟ್ಕಳಕ್ಕೆ ಫೋನ್ ಹಚ್ಚಿದೆ.

"ಬೇಜಾರು ಮಾಡ್ಕೋಬೇಡ. ಸಂದೇಶ ಅಂತೂ ಹೋಗ್ತದಲ್ಲ? ಜಾಗದ್ದು ಸಣ್ಣ ತಪ್ಪು ಅಂತ ಹಾಕು. ನಾಳೆ ತೋರ್ಸಿ ಆದ ಮೇಲೆ ಸರಿ ಮಾಡ್ತೆ" ಅಂದ.

"ಸಣ್ಣದಾ? ಮುಳುಗುವವನನ್ನ ಅವನ ಮನೇಲಿ ಹುಡುಕಿದ್ರೆ ಸಿಗ್ತಾನಾ?"

"ಅಷ್ಟೆಲ್ಲ ಯಾರು ಮುಳುಗ್ತಾರೆ ಮಾರಾಯ್ತಿ."

ನಾನು ಸುಮ್ಮನಿರುವ ಜಾತಿಯಲ್ಲ. ಆ ಬಗ್ಗು ಸಣ್ಣದೋ ದೊಡ್ಡದೋ ಎಂದು ನಾವು ಎಷ್ಟು ಹೊತ್ತು ಕಚ್ಚಾಡಿದೆವೋ ಗೊತ್ತಿಲ್ಲ. ಮಾತಿನ ನಡುವೆ ಕಾಲು ತಣ್ಣಗಾಯಿತು. ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ಬೈದೆ. ಮತ್ತೆ ತಣ್ಣಗಾಯಿತು. ಇನ್ನೂ ಹಿಂದೆ ಸರಿಯಲು ಹೋದರೆ ಹಿಂದೆಯೂ ನೀರು.

"ಇಲ್ಲಿ ನೀರು ಮೊಣಕಾಲಿಗೆ ಬಂತು" ಎಂದೆ.

"ವಿಷಯ ತಪ್ಪಿಸ್ಬೇಡ" ಅಂದ ಅವನು.

ನಾನು ಫೋನ್ ಇಟ್ಟೆ. ಉಬ್ಬರ ಏರುತ್ತಿತ್ತು. ದಿಬ್ಬ ಕಾಣುತ್ತಿರಲಿಲ್ಲ. ಎರಡೂ ದಡಗಳು ದೂರದಲ್ಲಿದ್ದವು, ಒಂದು ದೋಣಿಯೂ ಹತ್ತಿರವಿರಲಿಲ್ಲ. ಫೋನಿನ ಬ್ಯಾಟರಿ ಇಗೋ ಅಗೋ ಎನ್ನುವಂತಿತ್ತು. ಇನ್ನೊಂದು ಕೆಲಸಕ್ಕೆ ಮಾತ್ರ ಸಾಕು. ಬುದ್ಧಿ ಇದ್ದ ಯಾರೇ ಆದರೂ ಅಜ್ಜನಿಗೆ ಫೋನ್ ಮಾಡುತ್ತಿದ್ದರು. ಇಷ್ಟು ದಿನದ ಅಭ್ಯಾಸಕ್ಕೆ ನನ್ನ ಹೆಬ್ಬೆರಳು ತಾನಾಗಿ ಹೋಗಿ ಕೆಂಪು ಗುಂಡಿ ಒತ್ತಿಬಿಟ್ಟಿತು. ಕೆಲಸಕ್ಕೆ ಬಾರದ್ದು ಎಂದು ಇಡೀ ಕುಮಟೆ ಆಫೀಸಿಗೆ ನಾನೇ ಬರೆದು ಬರೆದು ಕಳಿಸಿದ್ದ ಗುಂಡಿ.

ಸಂದೇಶ ಹೋಯಿತು. ಸ್ಥಳ: ನಮ್ಮ ಮನೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

'ಆತು.'

ಫೋನು ಸತ್ತಿತು.

ನಾನು ಅತ್ತೆ. ಸುಳ್ಳು ಯಾಕೆ ಹೇಳಲಿ, ಜೋರಾಗಿಯೇ ಅತ್ತೆ. ನೀರು ತೊಡೆಗೆ ಬಂತು. ಹೆದರಬೇಡ ಎಂದು ನಾನೇ ಅವಳಿಗೆ ಕಲಿಸಿದ್ದೆ. ಈಗ ಅವಳು ಹೆದರದೆ ದಾರದ ಡಬ್ಬಿಗೆ ಫೋನು ಹಾಕಿ ಬ್ಲೌಸಿಗೆ ಕಾಜಾ ಹೊಲಿಯುತ್ತಿರುತ್ತಾಳೆ, ನಾನು ಇಲ್ಲಿ ಸಾಯುತ್ತೇನೆ ಅನ್ನಿಸಿತು. ಮರಳು ಕಾಲಡಿಯಿಂದ ಜಾರತೊಡಗಿತು. ನನಗೆ ಅಮ್ಮ ಬೇಕಿತ್ತು. ಬೇರೆ ಯಾವ ಯೋಚನೆಯೂ ತಲೆಯಲ್ಲಿರಲಿಲ್ಲ.

ಅಷ್ಟರಲ್ಲಿ ಎಂಜಿನ್ ಸದ್ದು ಕೇಳಿತು. ದಕ್ಕೆಯ ಕಡೆಯಿಂದ ಅಜ್ಜನ ದೋಣಿ ಬರುತ್ತಿತ್ತು. ಮುಂದುಗಡೆ ಅಮ್ಮ ಕೂತಿದ್ದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ತೊಡೆಯ ಮೇಲೆ ಪಾತಾಳಗರಡಿ.

ಅಜ್ಜ ನನ್ನ ರಟ್ಟೆ ಹಿಡಿದು ಎಳೆದುಕೊಂಡ. ನಾನು ದೋಣಿಯ ತಳದಲ್ಲಿ ಕುಕ್ಕರಿಸಿ, ಬಿಕ್ಕುತ್ತಲೇ ಕೇಳಿದೆ, "ನಿಂಗೆ ಹೆಂಗೆ ಗೊತ್ತಾತು?"

"ಎಂತ ಗೊತ್ತಾಗೂದು? ದಕ್ಕೆ ಮೇಲೇ ಇದ್ದೆ ನಾ. ಮೊದ್ಲು ಒತ್ತಿದ್ಯಲೇ, ಆವಾಗ್ಲೇ ಬಂದಿದ್ದೆ. ನೀರು ಏರ್ತಾ ಅದೆ, ಇದು ಅಲ್ಲಿ ಫೋನ್ ಹಿಡ್ಕಂಡು ಯಾರಿಗೋ ಬೈತಾ ನಿಂತದೆ. ಈ ಪುಣ್ಯಾತ್ಮ ಬಲೆ ಕೊಟ್ಟು ಬಂದು ಚಾ ಕುಡೀತಾ ಕೂತಿದ್ದ, ಎಬ್ಸಕಂಡ್ ಬಂದೆ."

"ಫೋನ್ ಬರ್ಲಿಲ್ಲ, ನಾ ಎಂತ ಮಾಡ್ಲಿ" ಎಂದ ಅಜ್ಜ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಅಮ್ಮ ಇವತ್ತು ಮಾತ್ರ ಬಂದದ್ದಲ್ಲ ತಂಗಿ. ನೀ ಬಂದ ದಿನ ಎಲ್ಲ ಬರ್ತದೆ. ಅಲ್ಲಿ ಕಂಬದ ಹತ್ರ ನಿಂತು, ನೀ ನಿಂತದ್ದು ಕಂಡ ಮೇಲೆ ಫೋನ್ ಒತ್ತಿ ಹೋಗ್ತದೆ. ನೀ ನೋಡೇ ಇಲ್ವಾ?"

ನಾನು ನೋಡಿರಲಿಲ್ಲ. ನಾನು ಫೋನು ನೋಡುತ್ತ ನಿಂತಿರುತ್ತಿದ್ದೆ.

ಅಮ್ಮ ಏನೂ ಕೇಳಿಸದವಳಂತೆ ಸೆರಗಿನಿಂದ ನನ್ನ ಮುಖ ಒರೆಸಿದಳು, ಜೋರಾಗಿಯೇ ಒರೆಸಿದಳು.

"ಮತ್ತೆ ಅದು ಯಾಕೆ ತಂದಿದ್ದು?" ಎಂದು ಪಾತಾಳಗರಡಿ ತೋರಿಸಿದೆ.

"ನಿಂಗೆ ಈಜು ಬರೂದಿಲ್ಲಲೇ" ಅಂದಳು. "ದಿನಾ ತರ್ತೆ."

ಬಳಚಿನ ಹೆಂಗಸರು ಕಾಸರಕೋಡಿನ ದಡದಿಂದ ಕೈಬೀಸುತ್ತಿದ್ದರು. ದೋಣಿ ದಕ್ಕೆಗೆ ತಾಗುವ ಹೊತ್ತಿಗೆ ನನ್ನ ಅಳು ನಿಂತಿತ್ತು, ಸಿಟ್ಟು ವಾಪಸು ಬಂದಿತ್ತು. ಈ ಬಗ್ಗು ದೊಡ್ಡದು, ಇದಕ್ಕಿಂತ ದೊಡ್ಡದು ನಮ್ಮ ಆಫೀಸಿನಲ್ಲಿ ಯಾರೂ ಕಂಡಿಲ್ಲ ಎಂದು ಬರೆಯುತ್ತೇನೆ, ನಾಳೆ ತೋರಿಸುವುದನ್ನೇ ನಿಲ್ಲಿಸುತ್ತೇನೆ ಎಂದು ಒದರುತ್ತ ಮೆಟ್ಟಿಲು ಹತ್ತಿದೆ. ಅಮ್ಮ ಪಾತಾಳಗರಡಿಯ ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳುತ್ತ ನನ್ನ ಹಿಂದೆ ಬಂದಳು.

"ಹಂಗಾರೆ ಸರಿ ಆಗಿಲ್ಯ ಅದು?"

"ಇಲ್ಲ."

"ಮತ್ತೆ ನೋಡೂದದ್ಯಾ?"

"ಅವನು ಸರಿ ಮಾಡಿ ಕಳಿಸಿದ ಮೇಲೆ ನೋಡ್ಬೇಕು."

ಅಮ್ಮ ಹಗ್ಗಕ್ಕೆ ಗಂಟು ಹಾಕಿದಳು.

"ಬೆಳಿಗ್ಗೆನೇ ಹೇಳು. ಮದುವೆ ಮನೆ ಬ್ಲೌಸು ಬಂದದೆ, ನಂಗೆ ಬರೂಕೆ ಹೊತ್ತು ಮಾಡ್ಕಳ್ಬೇಕು."