ಗೋವಾ ದಾಟಿದ ಹಡಗು

ನಮ್ಮ ಇತಿಹಾಸದ ಮೇಡಂ ಅವರ ಹಿಮ್ಮಡಿಯ ಬಿರುಕುಗಳಲ್ಲಿ ಸದಾ ಕೆಂಪು ಮಣ್ಣು ಇರುತ್ತಿತ್ತು. ಅವರ ಮನೆ ತೆಲಂಗಾಣದ ಕೊಹೀರಿನ ಆಚೆ. ಹೊಲಗಳ ನಡುವಿನ ದಾರಿ ಹಿಡಿದು ರಸ್ತೆಗೆ ಬಂದು ಜಹೀರಾಬಾದಿನ ಬಸ್ಸು ಹತ್ತುತ್ತಿದ್ದರು. ಅಲ್ಲಿನ ನಮ್ಮ ಕಾಲೇಜಿನಲ್ಲಿ ತರಗತಿಯ ಬಾಗಿಲಿಗೆ ಚಪ್ಪಲಿ ಬಿಟ್ಟು, ಅಡುಗೆಮನೆಗೆ ಬಂದವರಂತೆ ಬರಿಗಾಲಲ್ಲಿ ಒಳಗೆ ಬರುತ್ತಿದ್ದರು.

ಪಠ್ಯಪುಸ್ತಕದಲ್ಲಿ ಪೋರ್ಚುಗೀಸರು ಗೋವಾಕ್ಕೆ ಬಂದು ಅಲ್ಲಿಯೇ ನಿಲ್ಲುತ್ತಾರೆ. ಆದರೆ ಮೇಡಂ ಪೋರ್ಚುಗೀಸರನ್ನು ಅಲ್ಲಿ ನಿಲ್ಲಲು ಬಿಡುತ್ತಿರಲಿಲ್ಲ. ಕಿಟಕಿಯ ಆಚೆ ನೋಡುತ್ತ, ಅರ್ಧ ನಿದ್ದೆಯಲ್ಲಿರುವವರ ದನಿಯಲ್ಲಿ ಅವರನ್ನು ಮುಂದಕ್ಕೆ ಕರೆದೊಯ್ಯುತ್ತಿದ್ದರು. ಚೀನಾದವರ ಹಡಗೊಂದರಲ್ಲಿ ಪೋರ್ಚುಗೀಸರು ಕೆಲವರು ಹೊರಟಿದ್ದಾರೆ. ಬಿರುಗಾಳಿ ಎದ್ದು ಹಡಗನ್ನು ಎತ್ತಲೋ ಒಯ್ಯುತ್ತದೆ. ಬೆಳಗಾದಾಗ ಎದುರಿಗೆ ಜಪಾನಿನ ಒಂದು ದ್ವೀಪ. ದಡದಲ್ಲಿ ಜನ ಸೇರಿದ್ದಾರೆ. ಇವರ ಉದ್ದ ಮೂಗು, ಗೋಣಿಚೀಲದಂಥ ಪಾಯಿಜಾಮ ನೋಡಿ ಅವರಿಗೆ ಬೆರಗು. ಇವರ ಮಾತು ಅವರಿಗಿಲ್ಲ, ಅವರ ಮಾತು ಇವರಿಗಿಲ್ಲ. ಆಗ ಹಡಗಿನಲ್ಲಿದ್ದ ಚೀನಾದವನೊಬ್ಬ ಕೋಲು ತೆಗೆದುಕೊಂಡು ಮರಳಿನ ಮೇಲೆ ಅಕ್ಷರ ಬರೆಯುತ್ತಾನೆ. ಮಾತು ಬೇರೆಯಾದರೂ ಅಕ್ಷರ ಒಂದೇ; ದಡದ ಊರಿನ ಹಿರಿಯ ಓದಿಕೊಂಡು, ಅಲ್ಲೇ ಮರಳಿನ ಮೇಲೆ ಉತ್ತರ ಬರೆಯುತ್ತಾನೆ.

"ಮೇಡಂ, ನೀವು ಸಮುದ್ರ ನೋಡೀರೇನ್ರಿ?" ಎಂದು ಒಬ್ಬ ಕೇಳಿದ.

"ಇಲ್ಲಪ್ಪ. ತಾಂಡೂರಿನ ತೊಗರಿ ಹೊಲ ನೋಡೀನಿ. ಗಾಳಿ ಬೀಸಿದಾಗ ಅದೂ ತೆರಿ ಏಳ್ತದ, ಅಷ್ಟು ಸಾಕು."

ಅವರು ಇದನ್ನೆಲ್ಲ ತೆಲುಗಿನಲ್ಲಿ ಹೇಳುತ್ತಿದ್ದರು, ನಡುನಡುವೆ ಉರ್ದು, ನಮ್ಮ ಕಡೆಯವರಿಗಾಗಿ ಆಗಾಗ ಕನ್ನಡ. ನನ್ನ ಊರು ನಾರಾಯಣಖೇಡದ ಕಡೆಯ ನಾಗಲಗಿದ್ದ ಎಂಬ ಹಳ್ಳಿ. ಓದಿದ್ದು ಕನ್ನಡ ಶಾಲೆ. ಉಳಿದ ಪಾಠಗಳು ಮಂಜಿನ ಆಚೆ ಯಾರೋ ಮಾತಾಡಿಕೊಂಡಂತೆ ಕೇಳಿಸುತ್ತಿದ್ದವು. ಕಾಲೇಜಿಗೆ ಬಂದಾಗಿನಿಂದ ತರಗತಿಯಲ್ಲಿ ನಾನು ಬಾಯಿ ತೆರೆದಿರಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು, ಇಳಿಯುವವಳೂ ನಾನೇ ಎಂದುಕೊಂಡು, ಬಂದು ಕರೆದುಕೊಂಡು ಹೋಗೆಂದು ಅಪ್ಪನಿಗೆ ಹೇಳಿಕಳಿಸಿದ್ದೆ. ಶನಿವಾರ ಬರುತ್ತೇನೆ ಎಂದಿದ್ದ.

ಆ ವಾರವೇ ಮೇಡಂ ನಮ್ಮನ್ನು ಕಾಲೇಜಿನ ಹಿಂದಿನ ಬೇವಿನ ಮರದ ಕೆಳಗೆ ಕರೆದೊಯ್ದರು. ಕಟ್ಟಡಕ್ಕೆಂದು ತಂದ ಮರಳು ಅಲ್ಲಿ ಬಿದ್ದಿತ್ತು. ಪ್ರತಿ ವರ್ಷ ಹೊಸ ಮಕ್ಕಳಿಗೆ ಅವರು ಹೀಗೆ ಮಾಡುತ್ತಿದ್ದರಂತೆ. ಅರ್ಧ ಜನ ಹಡಗಿನವರು, ಅರ್ಧ ಜನ ದಡದವರು. ಯಾರೂ ಮಾತಾಡಕೂಡದು. ಕೋಲಿನಿಂದ ಮರಳಿನ ಮೇಲೆ ತಮ್ಮ ಊರು ತೋರಿಸಬೇಕು. ಆಮೇಲೆ ಕೈಯಲ್ಲಿ ಇದ್ದದ್ದನ್ನು ಕೊಡಬೇಕು, ಕೊಟ್ಟದ್ದನ್ನು ತೆಗೆದುಕೊಳ್ಳಬೇಕು.

ನಾನು ಹಡಗಿನವಳು. ನನ್ನ ಎದುರು ತಾಂಡೂರಿನ, ಪೂಜೆ ಮಾಡುವ ಐನೋರ ಮನೆಯ ಹುಡುಗಿ. ನಾನು ಕೆರೆ, ಜೋಳದ ಹೊಲ, ನಮ್ಮ ಓಣಿಯ ಬುದ್ಧನ ಕಟ್ಟೆ ಬರೆದೆ. ಉಳಿದವರು ಪೆನ್ನು, ಬಳೆ ಕೊಡುತ್ತಿದ್ದರು. ನನ್ನ ಕೈಯಲ್ಲಿ ಊರಿಂದ ತಂದ ಕಟಕ ರೊಟ್ಟಿಯ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ. ನಮ್ಮ ಮನೆಯ ರೊಟ್ಟಿಯನ್ನು ಅಂಥ ಮನೆಯವರು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಆದರೂ ಡಬ್ಬಿ ತೆರೆದು ಮುಂದೆ ಹಿಡಿದೆ. ಅವಳು ಮೇಡಂ ಕಡೆ ನೋಡಿದಳು. ಮೇಡಂ ಬೇವಿನ ಮರ ನೋಡುತ್ತಿದ್ದರು. ಅವಳು ರೊಟ್ಟಿ ಮುರಿದು, ಅವ್ವನ ಕೆಂಪು ಖಾರವನ್ನು ಪಲ್ಯ ಎಂದುಕೊಂಡು ಬಳಿದುಕೊಂಡು ಬಾಯಿಗಿಟ್ಟಳು.

ಅವಳ ಕಣ್ಣಲ್ಲಿ ನೀರು. ಮಾತಾಡುವಂತಿಲ್ಲ, ಬಾಯಿಗೆ ಕೈ ಬೀಸಿಕೊಳ್ಳುತ್ತ ನಿಂತಲ್ಲೇ ಕುಣಿದಳು.

"ನೀರ್ ಕೊಡ್ರೋ ಯಾರರ! ಹುಡುಗಿ ಸಾಯ್ತದ!" ಎಂದು ನಾನು ಕೂಗಿಬಿಟ್ಟೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ತೆಲುಗಿನವರು, ಉರ್ದುವಿನವರು, ಎಲ್ಲರಿಗೂ ನನ್ನ ಮಾತು ತಿಳಿದಿತ್ತು. ನಾಲ್ಕು ಕಡೆಯಿಂದ ನೀರಿನ ಬಾಟಲಿ ಬಂದವು.

"ಹಡಗಿನಾಕಿ ಬಾಯಿ ಬಿಟ್ಟಳು, ಆಟ ಮುಗೀತು," ಎಂದರು ಮೇಡಂ. "ಆ ಖಾರದ ಮೆಣಸಿನಕಾಯಿನೂ ನಮ್ಮ ಕಡೆ ಪೋರ್ಚುಗೀಸರ ಹಡಗಿನಾಗೇ ಬಂದದ್ದು. ಬೈಯೋದಿದ್ರ ಅವರಿಗೆ ಬೈರಿ."

ಆದರೂ ಶನಿವಾರ ಅಪ್ಪ ಬಂದ. ಹಾಸ್ಟೆಲಿನಿಂದ ನನ್ನ ಟ್ರಂಕನ್ನು ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದ. ಮನೆಗೆ ಹೊರಟಿದ್ದ ಮೇಡಂ ಅಲ್ಲೇ ಸಿಕ್ಕರು. ಟ್ರಂಕು ನೋಡಿದರು. ನಮ್ಮಿಬ್ಬರಿಗೂ ಚಹಾ, ಪಾವ್ ಹೇಳಿದರು.

"ಈ ಪಾವ್ ಪೋರ್ಚುಗೀಸರದು ಅಣ್ಣಾರ. ಜಪಾನದವರಿಗೂ ಅವರೇ ಕಲಿಸ್ಯಾರ. ಅವರು ಇದಕ್ಕ ಪಾನ್ ಅಂತಾರ."

"ಹಂಗಾರ ಅವರೂ ಚಹಾದಾಗ ಅದ್ದಿ ತಿಂತಾರೇನ್ರಿ?" ಎಂದು ಅಪ್ಪ ಕೇಳಿದ.

"ಅದು ನನಗ ಗೊತ್ತಿಲ್ಲ. ಆದ್ರ ಬಿರುಗಾಳಿಗೆ ಹಡಗ ಕೆಟ್ಟು ಅಲ್ಲಿ ಇಳಿದ ಇವರು ಕೈಲೆ ಉಣ್ಣೋದು ನೋಡಿ ಜಪಾನದವರು ಮೊದಲು ನಕ್ಕಿದ್ರಂತ. ಮಾತು ಬರಂಗಿಲ್ಲ, ರೀತಿ ಗೊತ್ತಿಲ್ಲ ಅಂದಿದ್ರಂತ. ಇವರು ಓಡಿ ಹೋಗಲಿಲ್ಲ. ಉಳಿದ್ರು."

ಅಪ್ಪ ಬಸ್ಸಿನ ಕಡೆ ಕೈ ತೋರಿಸಿದ. "ಅವರ ಹಡಗ ಕೆಟ್ಟಿತ್ತರಿ, ಉಳಿದ್ರು. ನಮ್ಮ ಬಸ್ ನೆಟ್ಟಗ ನಿಂತದಲ್ರಿ."

ಮೇಡಂ ಚಹಾ ಚೆಲ್ಲುವಷ್ಟು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಪ್ಪಗ ನಾ ಸೋತೆ. ಈಗ ನೀನೇ ಹೇಳವ್ವ," ಎಂದರು.

ಕಂಡಕ್ಟರ್ ಸೀಟಿ ಊದಿದ. ಅಪ್ಪ ಟ್ರಂಕಿನ ಹಿಡಿಕೆ ಹಿಡಿದ.

"ಅಪ್ಪಾ, ನಾ ಬರಂಗಿಲ್ಲ," ಎಂದೆ.

ಅಪ್ಪ ನನ್ನನ್ನು ನೋಡಿದ, ಮೇಡಂ ಅವರನ್ನು ನೋಡಿದ. "ಮೊದಲೇ ಹೇಳಿದ್ರ ಇದನ್ನ ಹೊತ್ಕೊಂಡು ಬರ್ತಿದ್ದಿಲ್ಲಲ್ಲ, ಹುಚ್ಚಿ," ಎಂದು ಅದನ್ನು ಮತ್ತೆ ಹೆಗಲಿಗೆ ಏರಿಸಿದ. ಬಸ್ಸು ಹೋಯಿತು.

ತೆಲುಗು ಕಲಿತೆ. ಪರೀಕ್ಷೆಯಲ್ಲಿ ಬಿದ್ದೆ, ಮತ್ತೆ ಬರೆದೆ, ಪಾಸಾದೆ. ನಾನು ಬಿ.ಎ. ಪದವೀಧರೆ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ನಿವೃತ್ತಿಯಾದ ಮೇಲೆ ಮೇಡಂ ತಾಂಡೂರಿನ ಅಕ್ಕನ ಮನೆ ಸೇರಿದ್ದರು. ಹೋದ ವರ್ಷ ಅಲ್ಲೇ ತೀರಿಕೊಂಡರು. ಸುದ್ದಿ ತಿಳಿದು ಹೋದೆ. ಹಣೆಗೆ ವಿಭೂತಿ ಹಚ್ಚಿ ಕೂರಿಸಿದ್ದರು. ಕಣ್ಣು ಅರೆಮುಚ್ಚಿದ್ದವು, ಯಾವುದೋ ದೂರದ ದಡ ಕಂಡವರಂತೆ. ಸುತ್ತ ಅವರ ಬಳಗ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲ ಹತ್ತಿರ ನಿಂತೆ.

"ನೀ ಯಾರ ಪೈಕಿ ಬೇ?" ಎಂದು ಅವರ ಅಕ್ಕ ಕೇಳಿದರು.

ಊರು ಹೇಳಿದೆ. ಅಪ್ಪನ ಹೆಸರು ಹೇಳಿದೆ. ಮತ್ತೇನು ಹೇಳಬೇಕೋ ತೋಚಲಿಲ್ಲ. ಸತ್ತವರ ಮನೆಯಲ್ಲಿ ಆಡುವ ಮಾತಲ್ಲ, ಆದರೂ ಬಾಯಿಗೆ ಅದೇ ಬಂತು: "ಬಿ.ಎ. ಆಗೀನ್ರಿ. ಇವರ ಕಡಿಂದ."

ಆ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗ್ಗುಲಲ್ಲಿ ಕುಳಿತವರನ್ನು ಅತ್ತ ಸರಿಸಿ, ಚಾಪೆಯ ಮೇಲೆ ತಮ್ಮ ಪಕ್ಕದಲ್ಲೇ ಅಂಗೈಯಿಂದ ತಟ್ಟಿ ತೋರಿಸಿದರು.

"ಹಂಗಾರ ದೂರ ಯಾಕ ನಿಂತಿ? ಬಾ, ಇಲ್ಲಿ ಕೂಡು."