ಮಡಿಕೇರಿಯಲ್ಲಿ ಬಡಿದ ರೊಟ್ಟಿ

ತಿಕೋಟಾದ ಬಸ್ ನಿಲ್ದಾಣದ ಹಿಂದೆ ಶಂಕ್ರೆವ್ವನ ಖಾನಾವಳಿ. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿದೇ ಹೆಣ್ಣುಮಕ್ಕಳ ಮದುವೆ ಮಾಡಿದವಳು. ಆಕೆ ಕಂಡ ದೂರದ ಊರೆಂದರೆ ವಿಜಯಪುರ. ದಿನಾ ಖಾನಾವಳಿಯಲ್ಲೇ ಉಣ್ಣುವ ಟೀಚರ್ ದೀಪಾಲಿ ಒಮ್ಮೆ ಆಕೆಯ ಕೈ ಹಿಡಿದು, "ಅಕ್ಕಾ, ಗೆಳತ್ಯಾರೆಲ್ಲ ಮಡಿಕೇರಿಗೆ ಹೊಂಟೇವಿ. ನೀವೂ ನಮ್ಮ ಜೋಡಿ ಬರ್ರಿ" ಎಂದಳು.

ಶಂಕ್ರೆವ್ವ ಹೊಸ ಇಳಕಲ್ ಸೀರೆ ಕೊಂಡಳು. ಖಾನಾವಳಿಗೆ ಮೊದಲ ಸಲ ರಜೆ ಕೊಟ್ಟಳು. ಹೊರಡುವ ದಿನ ಗಾಡಿಯ ಹಿಂಬದಿಯಲ್ಲಿ ಜೋಳದ ಹಿಟ್ಟಿನ ಚೀಲ, ಗ್ಯಾಸ್ ಒಲೆ ಕಂಡರೂ ಆಕೆಗೆ ಅನುಮಾನ ಬರಲಿಲ್ಲ. ನಮ್ಮ ಕಡೆಯವರು ಬುತ್ತಿಯಿಲ್ಲದೆ ಊರು ಬಿಡುತ್ತಾರೆಯೇ?

ಮಡಿಕೇರಿಯಲ್ಲಿ ಇಳಿದುಕೊಂಡ ಮನೆಯ ಯಜಮಾನಿ, "ಇವರು ಯಾರು?" ಎಂದು ಕೇಳಿದಳು.

"ನಮ್ಮ ಅಡಗಿಯಾಕಿ" ಎಂದಳು ದೀಪಾಲಿ, ಶಂಕ್ರೆವ್ವನ ಎದುರಿಗೇ.

ಮರುದಿನ ಎಲ್ಲರೂ ಕೋಟೆ, ರಾಜಾಸೀಟು, ಅಬ್ಬಿ ಜಲಪಾತ ನೋಡಲು ಹೊರಟರು. "ಅಕ್ಕಾ, ನಾವು ಬರೂದ್ರಾಗ ಬಿಸಿ ರೊಟ್ಟಿ, ಬದನೀಕಾಯಿ ಪಲ್ಯಾ ಮಾಡಿಡ್ರಿ." ಗಾಡಿಯಲ್ಲಿ ಆಕೆಯ ಸೀಟು ಖಾಲಿಯೇ ಹೋಯಿತು. ಅಡುಗೆಮನೆಯ ಕಿಟಕಿಯಿಂದ ಬೆಟ್ಟವೂ ಕಾಣುತ್ತಿರಲಿಲ್ಲ, ಪಕ್ಕದ ಮನೆಯ ಗೋಡೆಯಷ್ಟೇ. ಶಂಕ್ರೆವ್ವ ಇಳಕಲ್ ಸೀರೆ ಮಡಿಸಿಟ್ಟು, ಹಳೆಯದನ್ನು ಉಟ್ಟು ರೊಟ್ಟಿ ಬಡಿದಳು.

ಸಂಜೆ ಊಟಕ್ಕೆ ಕುಳಿತ ದೀಪಾಲಿಯನ್ನು ಕೇಳಿದಳು: "ಜಲಪಾತ ಹೆಂಗಿತ್ರಿ?"

"ಏನಿಲ್ಲ ಬಿಡ್ರಿ ಅಕ್ಕಾ, ಬರೇ ನೀರು."

ಶಂಕ್ರೆವ್ವ ಒಲೆ ಆರಿಸಿ, ಹಿಟ್ಟಿನ ಕೈ ತೊಳೆದುಕೊಂಡಳು.

"ಹಂಗಾದ್ರ ನಾಳೆ ನೀವೆಲ್ಲಾ ನೀರು ಕುಡದು ಇರ್ರಿ. ನಾ ಜಲಪಾತ ನೋಡಾಕ ಹೊಂಟೇನಿ."